ಕಲ್ಲಿನ ಗುಡಿ, ಮರದ ಅಟ್ಟ

ಬೇಲೂರು ಹಳೇಬೀಡುಗಳನ್ನು ನೋಡಿ ಬಂದವರು ನಮ್ಮ ನಾಡಿನಲ್ಲಿ ಅಸಂಖ್ಯರು. ಈ ಎರಡು ಊರುಗಳ ದೇವಾಲಯಗಳೂ ಸೋಮನಾಥಪುರದ ಕೇಶವಾಲಯವೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದನ್ನು ಎಲ್ಲರೂ ಬಲ್ಲರು. ನೋಡಿ ಬಂದವರೆಲ್ಲರೂ ಕಲ್ಲನ್ನು ಕುರಿತೇ ಮಾತನಾಡುತ್ತಾರೆ. ಅದು ಸಹಜವೇ ಸರಿ. ಆದರೆ ಅರಸೀಕೆರೆಯಿಂದ ಬಸ್ಸಿನಲ್ಲಿ ಹೊರಟವರ ಕಣ್ಣಿಗೆ ದಾರಿಯುದ್ದಕ್ಕೂ ಇನ್ನೊಂದು ಕಟ್ಟಡವೂ ಬೀಳುತ್ತಿರುತ್ತದೆ. ತೆಂಗಿನ ತೋಟದ ನಡುವೆ ಕಂಬಗಳ ಮೇಲೆ ನಿಂತು, ತಲೆಯ ಮೇಲೆ ಹೆಂಚು ಹೊತ್ತು, ಹೊಟ್ಟೆಯ ತುಂಬ ಕಾಯಿ ತುಂಬಿಕೊಂಡ ಮರದ ಕೊಟ್ಟಿಗೆ ಅದು. ನಾವು ಅದನ್ನು ಅಟ್ಟವೆನ್ನುತ್ತೇವೆ. ಅದನ್ನು ನೋಡುವುದಕ್ಕೆಂದು ಯಾರೂ ಬಸ್ಸಿನಿಂದ ಇಳಿಯುವುದಿಲ್ಲ. ಇಳಿಯಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಈ ಅಟ್ಟಕ್ಕೂ ಆ ಗುಡಿಗೂ ಇರುವ ನೆಂಟಸ್ತಿಕೆಯನ್ನು ಒಮ್ಮೆ ವಿಚಾರಿಸಿ ನೋಡಿದರೆ, ಮನೆಯ ಹಿತ್ತಲಲ್ಲೋ ತೋಟದಲ್ಲೋ ಒಂದು ಮರದ ಕೊಟ್ಟಿಗೆಯನ್ನು ಉಳ್ಳವರಿಗೆ ಅದರಿಂದ ಪ್ರಯೋಜನವುಂಟು.

ಮೊದಲು ಮಾತಿನಿಂದಲೇ ಆರಂಭಿಸೋಣ. ‘ಗುಡಿ’ ಎಂಬುದೂ ‘ಗುಡಿಸಲು’ ಎಂಬುದೂ ಒಂದೇ ಬೇರಿನಿಂದ ಹುಟ್ಟಿದ ಪದಗಳು. ದೇವರ ಮನೆ ಗುಡಿಯಾಯಿತು, ಬಡವನ ಮನೆ ಗುಡಿಸಲಾಯಿತು. ಇಷ್ಟೇ ಅಲ್ಲ, ಬೇಲೂರಿನ ನವರಂಗದಲ್ಲಿ ನಿಂತು ಮೇಲೆ ನೋಡುತ್ತ ಒಂದೊಂದು ಅಂಗದ ಹೆಸರನ್ನು ಹೇಳುತ್ತ ಹೋಗಿ: ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ಕೆಳಗೆ ಹೊಸಿಲು, ಸುತ್ತ ಬಾಗಿಲವಾಡ. ನಮ್ಮ ಹಳ್ಳಿಯ ತೊಟ್ಟಿಮನೆಯ ಬಡಗಿಯ ಬಾಯಲ್ಲಿಯೂ ಇವೇ ಹೆಸರುಗಳು. ಮರದ ಮನೆಯನ್ನು ಕಟ್ಟಿ ಪಳಗಿದ ನಾಡು ಕಲ್ಲಿನ ಮನೆಯನ್ನು ಕಟ್ಟತೊಡಗಿದಾಗ ಹೊಸ ಮಾತುಗಳನ್ನು ಹುಡುಕಲಿಲ್ಲ. ಮಾತಿನೊಡನೆ ಕಟ್ಟುವ ಕ್ರಮವೂ ಬಂದಿತು.

ಅರಸೀಕೆರೆಯ ಶಿವಾಲಯವನ್ನು ನೋಡಿ. ಸುಮಾರು 1220ರಲ್ಲಿ ಕಟ್ಟಿದ ಈ ಗುಡಿಯ ಮುಂದೆ ಹದಿನಾರು ಕೋನಗಳ ನಕ್ಷತ್ರಾಕಾರದ ಮಂಟಪವೊಂದುಂಟು. ಅದರ ಕಂಬಗಳು ನುಣುಪಾಗಿ, ಸುತ್ತು ಸುತ್ತಾಗಿ, ಬಳೆ ತೊಡಿಸಿದಂತಿವೆ. ಬಡಗಿ ಮರವನ್ನು ತಿರುಗಣೆಗೆ ಹಾಕಿ ಉಳಿ ಕೊಟ್ಟು ಕಡೆಯುವ ರೀತಿಯಲ್ಲೇ ಹೊಯ್ಸಳರ ಕಾಲದ ಶಿಲ್ಪಿಗಳು ಕಂಬಗಳನ್ನು ಕಡೆದರು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದುವಾಗಿದ್ದು ಬರಬರುತ್ತ ಗಡುಸಾಗುವುದರಿಂದ ಇದು ಸಾಧ್ಯವಾಯಿತು. ಬೇಲೂರಿನಲ್ಲಿ ಸೂರಿನ ಕೆಳಗೆ ನಿಂತಿರುವ ಮದನಿಕೆಯರನ್ನು ನೋಡಿ ಮೆಚ್ಚದವರಿಲ್ಲ. ಆದರೆ ಅವರು ನಿಂತಿರುವ ಜಾಗ ಯಾವುದು? ಕಂಬದ ತಲೆಯಿಂದ ಸೂರಿನ ಅಂಚಿಗೆ ಬಡಗಿ ಓರೆಯಾಗಿ ಒಂದು ಆನಿಕೆಯನ್ನು ಕೊಡುತ್ತಾನಲ್ಲ, ಅದೇ ಜಾಗ. ನಮ್ಮ ತೋಟದ ಅಟ್ಟದಲ್ಲಿ ಬರಿಯ ಬೊಡ್ಡೆಮರವಿರುವ ಕಡೆ ಅಲ್ಲಿ ದರ್ಪಣಸುಂದರಿ ನಿಂತಿದ್ದಾಳೆ. ಮಂಟಪದ ಗೋಡೆಯ ಜಾಲಂಧ್ರಗಳು ಮರದ ಜಾಲರಿಗಳ ನೆನಪನ್ನು ತರುತ್ತವೆ. ಗಾಳಿ ಬೆಳಕು ಬರಬೇಕು, ಬಿಸಿಲು ಎರಚಲು ನೇರವಾಗಿ ಹೊಡೆಯಬಾರದು ಎಂಬ ಉದ್ದೇಶ ಎರಡಕ್ಕೂ ಒಂದೇ.

ಒಮ್ಮೆ ನಮ್ಮೂರಿನ ಒಬ್ಬ ಹಿರಿಯ ಬಡಗಿಯನ್ನು ನನ್ನ ವಿದ್ಯಾರ್ಥಿಗಳ ತಂಡದೊಡನೆ ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ನಾನು ವಿಷ್ಣುವರ್ಧನ, 1117, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಪಾಠ ಹೇಳುತ್ತಿದ್ದೆ. ಆತ ಕಂಬವನ್ನು ಕೈಯಿಂದ ಸವರಿ ನೋಡಿ, “ಮೇಷ್ಟ್ರೇ, ಇದು ನಮ್ಮ ಕೆಲ್ಸ. ಕಲ್ಲಿನೋರು ನಮ್ಮಿಂದ ಕಲ್ತ್ಕೊಂಡ್ರು, ಹೆಸರು ಮಾತ್ರ ಅವ್ರಿಗೆ ಬಂತು” ಎಂದ. ಹುಡುಗರು ನಕ್ಕರು. ನನಗೆ ಮಾತ್ರ ಆ ಮಾತು ಮನಸ್ಸಿನಲ್ಲಿ ನಿಂತಿತು. ಹೆಸರು ಏಕೆ ಬರಲಿಲ್ಲ? ಮರದ ಕೆಲಸ ಉಳಿಯಲಿಲ್ಲ, ಅದಕ್ಕೆ.

ಉಳಿಯಲಿಲ್ಲವೆಂಬುದಕ್ಕೆ ಬೇಲೂರಿನಲ್ಲೇ ಸಾಕ್ಷಿಯಿದೆ. ಚೆನ್ನಕೇಶವನ ಗುಡಿಗೆ ಇಂದು ಶಿಖರವಿಲ್ಲ. ಹಿಂದೆ ಇದ್ದಿತು. ಮರದ ಆಧಾರವನ್ನು ಕೊಟ್ಟು, ಇಟ್ಟಿಗೆ ಗಾರೆಗಳಿಂದ ಕಟ್ಟಿ, ಚಿನ್ನದ ನೀರು ಕೊಟ್ಟ ತಾಮ್ರದ ತಗಡನ್ನು ಹೊದಿಸಿದ ಶಿಖರ ಅದು. ಅದನ್ನು ಮತ್ತೆ ಮತ್ತೆ ದುರಸ್ತಿ ಮಾಡಬೇಕಾಗುತ್ತಿತ್ತು. ಕಾಲಕಾಲಕ್ಕೆ ಮಾಡಿಸಿದವರೂ ಇದ್ದರು. ಕೊನೆಗೆ ಗರ್ಭಗುಡಿಗೆ ಅಪಾಯವಾಗಬಾರದೆಂದು 1879ರಲ್ಲಿ ಶಿಖರವನ್ನು ಕೆಳಗಿಳಿಸಿದರು. ಕಲ್ಲಿನ ಭಾಗ ಒಂಬೈನೂರು ವರ್ಷಗಳನ್ನು ಕಂಡಿತು. ಮರದ ಆಧಾರವಿದ್ದ ಭಾಗ, ನೋಡಿಕೊಳ್ಳುವವರು ಇರುವಷ್ಟು ಕಾಲ ಇದ್ದು ಆಮೇಲೆ ಹೋಯಿತು.

ಹಳೇಬೀಡಿಗೆ ಹೋದರೆ ಇದೇ ಕಥೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ದೋರಸಮುದ್ರವೆಂಬ ಆ ರಾಜಧಾನಿಗೆ 1311ರಲ್ಲಿ ಮಲಿಕ್ ಕಾಫರನ ಸೈನ್ಯ ನುಗ್ಗಿತು. ಅನಂತರ ಊರೇ ಹಾಳಾಗಿ ‘ಹಳೆಯ ಬೀಡು’ ಎಂಬ ಹೆಸರು ಬಂದಿತು. ಹೊಯ್ಸಳೇಶ್ವರನ ಗುಡಿ ಇಂದಿಗೂ ನಿಂತಿದೆ. ಬಲ್ಲಾಳರು ವಾಸವಾಗಿದ್ದ ಅರಮನೆ ಎಲ್ಲಿ? ತಳಪಾಯದ ಕುರುಹುಗಳಿಗಿಂತ ಹೆಚ್ಚಾಗಿ ಏನೂ ಸಿಕ್ಕುವುದಿಲ್ಲ. ಹಂಪೆಯಲ್ಲಿಯೂ ಹಾಗೆಯೇ. ಅಲ್ಲಿಯ ನೂರು ಕಂಬದ ಸಭಾಮಂಟಪದ ನೆಲೆಗಟ್ಟಿನ ಮೇಲೆ ಸಾಲುಸಾಲಾಗಿ ಕಂಬ ನಿಲ್ಲಿಸುವ ಕಲ್ಲುಗಳಿವೆ. ಅವುಗಳ ಮೇಲಿದ್ದ ಮರದ ಕಂಬಗಳು ಒಂದೂ ಇಲ್ಲ. ದೇವರಿಗೆ ಕಲ್ಲು, ಮನುಷ್ಯನಿಗೆ ಮರ ಎಂಬುದು ಬಹುಮಟ್ಟಿಗೆ ಅಂದಿನ ಪದ್ಧತಿಯಾಗಿದ್ದಿತು. ಆದುದರಿಂದಲೇ ನಮ್ಮ ರಾಜರು ಪೂಜಿಸಿದ ಜಾಗ ನಮಗೆ ಗೊತ್ತು, ಮಲಗಿದ ಜಾಗ ಗೊತ್ತಿಲ್ಲ.

ಹಾಗಾದರೆ ಮರವೆಂದರೆ ಅಲ್ಪಾಯುಷಿಯೇ? ಅದೂ ನಿಜವಲ್ಲ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಬಹುಪಾಲು ತೇಗದಿಂದಲೇ ಕಟ್ಟಿದ ದರಿಯಾ ದೌಲತ್ ಇಂದಿಗೂ ಇದೆ. ಬೆಂಗಳೂರಿನ ಕೋಟೆಯ ಬಳಿ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಗೆಯ ಅರಮನೆಯ ತೇಗದ ಕಂಬಗಳು ಇಂದಿಗೂ ಭಾರ ಹೊತ್ತಿವೆ. ಅಲ್ಲಿಗೆ ಹೋದಾಗ ಕಂಬದ ಬುಡವನ್ನು ನೋಡಿ: ಪ್ರತಿಯೊಂದು ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿದೆ. ಮರ ಎಲ್ಲಿಯೂ ನೆಲವನ್ನು ಮುಟ್ಟಿಲ್ಲ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಬೆಂಕಿಗೆ ಆಹುತಿಯಾಯಿತು. ಮರದ ಶತ್ರುಗಳು ನಾಲ್ಕೇ: ನೀರು, ಗೆದ್ದಲು, ಬೆಂಕಿ, ಮತ್ತು ಮನೆಯವರ ಉದಾಸೀನ. ನಾಲ್ಕನೆಯದು ಬಂದ ಮೇಲೆ ಮೊದಲಿನ ಮೂರು ತಾವಾಗಿಯೇ ಬರುತ್ತವೆ.

ಇನ್ನು ನಮ್ಮ ಅಟ್ಟಕ್ಕೆ ಬರೋಣ. ಅರಸೀಕೆರೆ, ತಿಪಟೂರು ಸೀಮೆಯ ಉಂಡೆ ಕೊಬ್ಬರಿಗೆ ಉತ್ತರ ಹಿಂದೂಸ್ಥಾನದವರೆಗೆ ಗಿರಾಕಿಯುಂಟು. ಅದು ಬಿಸಿಲಿನಲ್ಲಿ ಒಡೆದು ಒಣಗಿಸಿದ ಹೋಳು ಕೊಬ್ಬರಿಯಲ್ಲ. ಬಲಿತ ಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಸುರಿದು ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ ಚಿಪ್ಪನ್ನು ಬಿಟ್ಟುಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗೆ ಗಿಟಕು ಗಡಗಡನೆ ಉರುಳಿದರೆ ಸುಲಿಯುವ ಕಾಲ ಬಂದಿತೆಂದು ತಿಳಿಯಬೇಕು. ಈ ಕೆಲಸಕ್ಕೆ ಕೆಳಗಿನಿಂದಲೂ ಪಕ್ಕದಿಂದಲೂ ಗಾಳಿಯಾಡುವ, ಮೇಲಿನಿಂದ ಒಂದು ಹನಿಯೂ ಬೀಳದ ಕಟ್ಟಡ ಬೇಕು. ಆದುದರಿಂದ ಅಟ್ಟದ ಹಾಸನ್ನು ಸಂದು ಬಿಟ್ಟು ಹಾಸುತ್ತಾರೆ. ಮಳೆಗಾಲದಲ್ಲಿ ಕೆಳಗೆ ಆಗಾಗ ಸಣ್ಣದಾಗಿ ಹೊಗೆ ಹಾಕುವುದೂ ಉಂಟು. ಆ ಹೊಗೆ ಕಾಯಿಯ ತಂಪನ್ನು ತೆಗೆಯುವುದರ ಜೊತೆಗೆ ಮರಕ್ಕೆ ಹುಳು ಹತ್ತದಂತೆಯೂ ನೋಡಿಕೊಳ್ಳುತ್ತದೆ. ಭಾರವನ್ನಾದರೂ ಯೋಚಿಸಿ: ಸಿಪ್ಪೆಯೊಡನೆ ಕಾಯಿಯೊಂದಕ್ಕೆ ಒಂದು ಕಿಲೋ ಎಂದು ಹಿಡಿದರೂ ಹತ್ತು ಸಾವಿರ ಕಾಯಿಗೆ ಹತ್ತು ಟನ್ನಾಯಿತು. ಒಂದು ಸಂಸಾರದ ವರ್ಷದ ಆದಾಯವೆಲ್ಲ ಆ ಮರದ ಕಾಲುಗಳ ಮೇಲೆ ನಿಂತಿರುತ್ತದೆ.

ಇಂತಹ ಕಟ್ಟಡಕ್ಕೆ ಯಾವ ಮರ? ನಮ್ಮ ಪೂರ್ವಿಕರು ಮರವನ್ನು ಆರಿಸುವುದನ್ನು ಒಂದು ಶಾಸ್ತ್ರವಾಗಿಯೇ ಎಣಿಸಿದ್ದರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಪ್ರತಿಮೆಗಾಗಿ ಮರ ತರಲು ಕಾಡಿಗೆ ಹೋಗುವವನು ಯಾವ ಮರಗಳನ್ನು ಬಿಡಬೇಕೆಂದು ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಸ್ಮಶಾನದ ಮರ, ದಾರಿಯ ಮರ, ದೇವಾಲಯದ ಮರ, ಹುತ್ತದ ಮೇಲಿನ ಮರ, ಬಳ್ಳಿ ಸುತ್ತಿದ ಮರ, ಸಿಡಿಲು ಹೊಡೆದ ಮರ, ಗಾಳಿಗೆ ಮುರಿದ ಮರ, ತಾನಾಗಿ ಒಣಗಿದ ಮರ, ಜೇನು ಕಟ್ಟಿದ ಮರ, ಇವೆಲ್ಲ ವರ್ಜ್ಯ. ನಮ್ಮ ಕನ್ನಡದಲ್ಲಿಯೇ ಚಾವುಂಡರಾಯನೆಂಬ ಕವಿ ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ಮನೆ, ನೀರು, ಗಿಡಮರಗಳ ವಿಚಾರಗಳು ಒಟ್ಟಿಗೆ ಬರುತ್ತವೆ. ಶಕುನದ ಮಾತೆಂದು ಇವುಗಳನ್ನು ತಳ್ಳಿಹಾಕುವ ಮೊದಲು ಸ್ವಲ್ಪ ಯೋಚಿಸಬೇಕು. ಹುತ್ತದ ಮೇಲಿನ ಮರದಲ್ಲಿ ಗೆದ್ದಲಿರುತ್ತದೆ. ಸಿಡಿಲು ಹೊಡೆದ ಮರದಲ್ಲಿ ಕಾಣದ ಬಿರುಕಿರುತ್ತದೆ. ಜೇನು ಕಟ್ಟಿದ ಮರದಲ್ಲಿ ಪೊಟರೆಯಿರಬಹುದು. ದಾರಿಯ ಮರ ಹತ್ತು ಜನಕ್ಕೆ ನೆರಳು. ಶಾಸ್ತ್ರದ ಮಾತಿನ ಒಳಗೆ ಬಡಗಿಯ ಅನುಭವ ಅಡಗಿದೆ.

ನಮ್ಮ ಭಾಗದ ಅನುಭವವನ್ನು ಹೇಳುವುದಾದರೆ, ಕಂಬಕ್ಕೂ ತೊಲೆಗೂ ತೇಗ, ಹೊನ್ನೆ, ಮತ್ತಿ, ನಂದಿ ಒಳ್ಳೆಯವು. ಬಾಗಿಲಿಗೂ ಹಲಗೆಗೂ ಹಲಸು ಒಪ್ಪುತ್ತದೆ. ಬೇವಿಗೆ ಹುಳು ಹತ್ತುವುದು ಕಡಿಮೆ. ಬೇಲೂರಿನ ಕಾಫಿ ತೋಟಗಳ ಕಡೆ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹಲಗೆಗೆ ಆದೀತು. ಮಣ್ಣಿಗೂ ಮಳೆಗೂ ಒಡ್ಡಿದರೆ ಬಾಳುವುದಿಲ್ಲ. ಯಾವ ಮರವಾದರೂ ಚೇಗನ್ನು ನೋಡಿ ತೆಗೆದುಕೊಳ್ಳಬೇಕು. ತೇಗವೆಂಬ ಹೆಸರಿಗೆ ಮರುಳಾಗಿ ಎಳೆಯ ಮರದ ಬಿಳಿಯ ಭಾಗವನ್ನು ಕೊಂಡವನಿಗಿಂತ, ಬಲಿತ ಮತ್ತಿಯ ಚೇಗನ್ನು ಕೊಂಡವನು ಜಾಣ. ತೆಂಗಿನ ಮರದಲ್ಲಿ ಇದು ತಿರುವುಮುರುವು: ಅದಕ್ಕೆ ಚೇಗಿಲ್ಲ, ಹೊರಸುತ್ತು ಗಟ್ಟಿ, ನಡುವೆ ಮೆದು. ಬರದಲ್ಲಿ ಸುಳಿ ಒಣಗಿದ ಹಳೆಯ ಮರದ ಹೊರಭಾಗವನ್ನು ಸೀಳಿ ತೆಗೆದರೆ ಜಂತೆಗೂ ರೀಪಿಗೂ ಚೆನ್ನಾಗಿ ಒದಗುತ್ತದೆ. ಬಿದಿರಿನ ಗಳವನ್ನಾದರೆ ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸುವುದು ವಾಡಿಕೆ. ಅದರ ಒಳಗಿನ ಹಿಟ್ಟಿನಂಶ ನೀರಿಗೆ ಹೋಗುವುದರಿಂದ ಕೊರೆಯುವ ಹುಳುವಿಗೆ ಆಹಾರ ತಪ್ಪುತ್ತದೆ. ಹಸಿಯ ಮರವನ್ನು ಮಾತ್ರ ಎಂದಿಗೂ ಕಟ್ಟಡಕ್ಕೆ ಏರಿಸಬಾರದು. ಅದು ಮೇಲೇರಿದ ಮೇಲೆ ಒಣಗಿ, ತಿರುಚಿಕೊಂಡು, ಕೂಡಿಕೆಯನ್ನೆಲ್ಲ ಸಡಿಲಿಸುತ್ತದೆ. ಇನ್ನೊಂದು ಮಾತು: ಸ್ವಂತ ಜಮೀನಿನ ಮರವಾದರೂ ಅನೇಕ ಜಾತಿಯ ಮರಗಳನ್ನು ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು.

ಕಟ್ಟುವಾಗ ನೆನಪಿಡಬೇಕಾದುದು ಮೂರು ಸಂಗತಿ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಆ ಕಡೆಯ ಸೂರನ್ನು ತಗ್ಗಿಸಿ, ಮುಂದಕ್ಕೆ ಚಾಚಿ ಬಿಡಬೇಕು. ಕಂಬಗಳನ್ನು ನೆಲದಲ್ಲಿ ಹೂಳದೆ ಅಡಿಗಲ್ಲಿನ ಮೇಲೆ ನಿಲ್ಲಿಸಬೇಕು. ಮಾಡಿಗೆ ಸಾಕಷ್ಟು ಇಳಿಜಾರು ಕೊಡಬೇಕು. ಹಿಂದೆ ನಾಡಹೆಂಚು ಹೊದಿಸುತ್ತಿದ್ದರು. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಬೆಳೆದು, ಮಂಗಳೂರು ಹೆಂಚು ಘಟ್ಟ ಹತ್ತಿ ಬಂದ ಮೇಲೆ ಮಾಡು ಹಗುರವಾಯಿತು. ಕೋತಿಯ ಕಾಟವೊಂದನ್ನು ಬಿಟ್ಟರೆ ವರ್ಷ ವರ್ಷವೂ ಹೆಂಚು ಕೈಯಾಡಿಸುವ ತಾಪತ್ರಯ ತಪ್ಪಿತು.

ಈ ಉಪದೇಶವನ್ನೆಲ್ಲ ನಾನು ತಪ್ಪು ಮಾಡಿ ಕಲಿತವನು. ನಮ್ಮ ತೋಟದ ಅಟ್ಟವನ್ನು ಕಟ್ಟಿಸಿದವರು ನನ್ನ ಅಜ್ಜ. ಹನ್ನೆರಡು ಮತ್ತಿಯ ಕಂಬಗಳು, ಒಂದೊಂದಕ್ಕೂ ಮೊಣಕಾಲುದ್ದದ ಅಡಿಗಲ್ಲು. ನನ್ನ ತಂದೆ ಪ್ರತಿ ವರ್ಷವೂ ಭರಣಿ ಮಳೆಗೆ ಮೊದಲು ಒಂದು ಸಣ್ಣ ಸುತ್ತಿಗೆಯನ್ನು ಹಿಡಿದು ಹನ್ನೆರಡು ಕಂಬಗಳನ್ನೂ ತಟ್ಟುತ್ತ ಸುತ್ತು ಬರುತ್ತಿದ್ದರು. ಗಟ್ಟಿ ಮರ ‘ಟಣ್’ ಎನ್ನುತ್ತದೆ, ಟೊಳ್ಳು ಮರ ‘ಡಬ್’ ಎನ್ನುತ್ತದೆ. ಹುಡುಗನಾಗಿದ್ದ ನನಗೆ ಅದು ಆಟವಾಗಿ ಕಾಣುತ್ತಿತ್ತು. ಅವರು ತೀರಿಕೊಂಡ ಮೇಲೆ ನಾನು ಪಾಠಶಾಲೆ, ಪರೀಕ್ಷೆಯ ಉತ್ತರಪತ್ರಿಕೆ ಎಂದು ಪೇಟೆಯಲ್ಲೇ ಉಳಿದೆ. ಸುತ್ತಿಗೆ ಗೂಡಿನಲ್ಲಿ ಉಳಿಯಿತು. ನಡುವೆ ಒಮ್ಮೆ ಅಟ್ಟದ ಕೆಳಗಿನ ಮಣ್ಣುನೆಲ ಚೆನ್ನಾಗಿ ಕಾಣಲೆಂದು ಸಿಮೆಂಟು ಹಾಕಿಸಿದೆ. ನೆಲ ಮೇಲೇರಿತು, ಅಡಿಗಲ್ಲು ಮುಚ್ಚಿಹೋಯಿತು, ಮರದ ಬುಡ ಸಿಮೆಂಟಿನ ಬಟ್ಟಲೊಳಗೆ ಸೇರಿಕೊಂಡಿತು. ಎರಚಲಿನ ನೀರು ಆ ಬಟ್ಟಲಿನಿಂದ ಹೊರಗೆ ಹೋಗಲಾರದಾಯಿತು. ಕೆಲವು ವರ್ಷ ಕಳೆದು ಒಂದು ಆಶ್ವಯುಜದ ಮಧ್ಯಾಹ್ನ ಈಶಾನ್ಯ ಮೂಲೆಯ ಕಂಬ ಕುಸಿದು, ಅಟ್ಟದ ಆ ಭಾಗವೆಲ್ಲ ವಾಲಿ, ಕಾಯಿಗಳು ಪ್ರವಾಹದಂತೆ ಉರುಳಿಬಿದ್ದವು. ಅರ್ಧ ಗಂಟೆಗೆ ಮುಂಚೆ ನಮ್ಮ ತೋಟದ ಆಳು ಅದೇ ಕಂಬಕ್ಕೆ ಒರಗಿ ಕುಳಿತು ಊಟ ಮಾಡಿ ಎದ್ದು ಹೋಗಿದ್ದ. ಅದನ್ನು ನೆನೆದರೆ ಇಂದಿಗೂ ನನಗೆ ಮೈ ನಡುಗುತ್ತದೆ.

ಮಗ, “ಅಪ್ಪಾ, ಇದನ್ನೆಲ್ಲ ಕಿತ್ತುಹಾಕಿ ಕಬ್ಬಿಣದ ಕಂಬ, ತಗಡಿನ ಶೀಟು ಹಾಕಿಸೋಣ” ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮರದ ಬೆಲೆ ಎಲ್ಲರಿಗೂ ಎಟುಕುವಂತಿಲ್ಲ. ಹೊಸದಾಗಿ ಕಟ್ಟುವವರು ಕಬ್ಬಿಣವನ್ನು ಆರಿಸಿದರೆ ಆಕ್ಷೇಪಿಸಬೇಕಾದುದಿಲ್ಲ. ತಗಡಿನ ಕೆಳಗೆ ಬೇಸಗೆಯ ಕಾವು ಹೆಚ್ಚೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ಬೇಲೂರಿನಲ್ಲಿ ಕಂಬವನ್ನು ಸವರಿದ ಬಡಗಿಗೆ ಹೇಳಿಕಳುಹಿಸಿದೆ. ಆತ ಬಂದು, ನನ್ನ ತಂದೆಯಂತೆಯೇ ತಟ್ಟುತ್ತ ಒಂದು ಸುತ್ತು ಬಂದ. “ಹನ್ನೊಂದು ಕಾಲು ಗಟ್ಟಿಯಾಗವೆ ಮೇಷ್ಟ್ರೇ. ಒಂದು ಕಾಲು ನೋಯ್ತು ಅಂತ ಎತ್ತನ್ನೇ ಮಾರ್ತೀರಾ?” ಎಂದು ಕೇಳಿದ. ಸಿಮೆಂಟನ್ನು ಒಡೆಸಿ, ಮಾಡಿಗೆ ತಾತ್ಕಾಲಿಕವಾಗಿ ಆನಿಕೆ ಕೊಟ್ಟು, ಕೆಟ್ಟ ಕಂಬದ ಬುಡವನ್ನು ಗಟ್ಟಿ ಮರ ಸಿಕ್ಕುವ ತನಕ ಕೊಯ್ದು ತೆಗೆದು, ಕಡಿಮೆಯಾದಷ್ಟು ಎತ್ತರಕ್ಕೆ ಹೊಸ ಕಲ್ಲನ್ನು ಕೂಡಿಸಿದ. ಮರದ ಮೈಗೆ ಕಲ್ಲಿನ ಕಾಲು ಬಂದಿತು. ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು. ಹೊಸ ಕೊಟ್ಟಿಗೆಯ ಖರ್ಚಿಗೆ ಹೋಲಿಸಿದರೆ ಆದ ವೆಚ್ಚ ಅಲ್ಪ.

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮ ಇದು. ಭರಣಿಗೆ ಮೊದಲು ಕಂಬಗಳನ್ನು ತಟ್ಟಿ ನೋಡುವುದು, ಒಡೆದ ಹೆಂಚನ್ನು ಬದಲಾಯಿಸುವುದು, ಸೂರಿನ ನೀರು ಬುಡಕ್ಕೆ ಬೀಳದಂತೆ ಸುತ್ತಲೂ ಕಾಲುವೆ ತೋಡುವುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿಗಲ್ಲಿನ ಮೇಲೆ ಗೆದ್ದಲಿನ ಮಣ್ಣುದಾರಿ ಏರಿದೆಯೋ ನೋಡಿ ಕೆರೆದು ಹಾಕುವುದು. ಕಲ್ಲು ಬರಿದಾಗಿ ಕಾಣುತ್ತಿದ್ದರೆ ಈ ಕಳ್ಳದಾರಿ ಕೂಡಲೇ ಕಣ್ಣಿಗೆ ಬೀಳುತ್ತದೆ, ಅಡಿಗಲ್ಲಿನ ಇನ್ನೊಂದು ಗುಣ ಇದು. ಸೌದೆ, ಮಟ್ಟೆ, ಗರಿಗಳನ್ನು ಕಂಬಕ್ಕೆ ಒರಗಿಸದಿರುವುದು. ದೀಪಾವಳಿ ಕಳೆದು ಮರ ಚೆನ್ನಾಗಿ ಒಣಗಿದ ಮೇಲೆ ಗೇರೆಣ್ಣೆಯನ್ನೋ ಹೊಂಗೆಯ ಎಣ್ಣೆಯನ್ನೋ ಬಟ್ಟೆಯಲ್ಲಿ ಅದ್ದಿ ಬುಡಕ್ಕೂ ಕೂಡಿಕೆಗಳಿಗೂ ಕೊನೆಗಳಿಗೂ ಹಚ್ಚುವುದು. ಗೇರೆಣ್ಣೆ ಕೈಯನ್ನು ಸುಡುವುದರಿಂದ ಎಚ್ಚರ ಬೇಕು.

ಇಂದಿನ ವಿಜ್ಞಾನವೂ ಸಹಾಯಕ್ಕಿದೆ. ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ಕುಗಳ ದ್ರಾವಣವನ್ನು ಉಣಿಸಿ ಬಾಳಿಸುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವನು ಸೊಂಟಿ ಕಾಮೇಶಂ ಎಂಬ ನಮ್ಮ ದೇಶದ ವಿಜ್ಞಾನಿಯೇ. ಅದು ಪ್ರಪಂಚದಲ್ಲೆಲ್ಲ ಹಬ್ಬಿತು. ಆದರೆ ಆರ್ಸೆನಿಕ್ಕು ವಿಷವಾದುದರಿಂದ ಹಲವು ದೇಶಗಳಲ್ಲಿ ಮನೆಯ ಬಳಕೆಗೆ ಅದನ್ನು ಬಿಟ್ಟಿದ್ದಾರೆ. ಅಂತಹ ಮರವನ್ನು ಆಹಾರಪದಾರ್ಥವಿಡುವ ಅಟ್ಟದ ಹಾಸಿಗೆ ಬಳಸಬಾರದು. ಅದರ ಚೂರುಗಳನ್ನು ಒಲೆಗಾಗಲಿ ಹೊಗೆಗಾಗಲಿ ಹಾಕಲೇಬಾರದು. ಬೆಂಗಳೂರಿನಲ್ಲಿ 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾದ ಸಂಸ್ಥೆ ಇಂದು ಮರದ ವಿಜ್ಞಾನಕ್ಕೇ ಮೀಸಲಾಗಿದೆ.

ಬೇಲೂರಿನ ಶಿಖರವನ್ನು ಇಳಿಸಬೇಕಾಗಿ ಬಂದುದು ಒಂದು ದಿನದಲ್ಲಿ ಆದ ಕೆಡುಕಿನಿಂದಲ್ಲ. ಎಂದೋ ಒಂದು ಮಳೆಗಾಲದಲ್ಲಿ ತಗಡಿನ ಸಂದಿನಿಂದ ಒಳಗಿಳಿದ ನೀರನ್ನು ಯಾರೋ ನೋಡಲಿಲ್ಲ, ಮರುವರ್ಷವೂ ನೋಡಲಿಲ್ಲ, ಹಾಗೆ ಆಗಿರಬೇಕು. ನನ್ನ ಅಟ್ಟದ ಕಂಬಕ್ಕೂ ಆದುದು ಅದೇ. ಬೇಲೂರಿನ ಕಲ್ಲನ್ನು ಕಾಯಲು ಇಂದು ಸರ್ಕಾರವಿದೆ, ಇಲಾಖೆಯಿದೆ. ತೋಟದ ಅಟ್ಟವನ್ನು ಕಾಯಲು ಮನೆಯವರ ಹೊರತು ಬೇರೆ ಯಾರೂ ಇಲ್ಲ. ಈ ವರ್ಷ ಭರಣಿ ಮಳೆಗೆ ಮೊದಲು ಸುತ್ತಿಗೆಯನ್ನು ಮಗನ ಕೈಗೆ ಕೊಟ್ಟೆ. ಅವನು ನಗುತ್ತಲೇ ತೆಗೆದುಕೊಂಡ. ಹನ್ನೆರಡು ಕಂಬಗಳನ್ನೂ ತಟ್ಟಿ ಬಂದು, “ಏಳನೆಯದರ ಸದ್ದು ಸ್ವಲ್ಪ ಬೇರೆ, ಬಂದು ಕೇಳಿ” ಎಂದು ಕರೆದ.